ನಾಲ್ಕು ರಿಲೇ ಸಾಕೇ, ಪೆಟ್ಟಿಗೆಯೇ ಬೇಕೇ?

ಪ್ರಶ್ನೆ: ನಮ್ಮ ಅಜ್ಜ 1966ರಲ್ಲಿ ಕೊಂಡ ಟಾಟಾ ಮರ್ಸಿಡಿಸ್-ಬೆಂಜ್ ಲಾರಿ ಸಕಲೇಶಪುರದ ಹತ್ತಿರದ ನಮ್ಮ ತೋಟದ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ನಿಂತಿತ್ತು. ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಬಿಚ್ಚಿಸಿ ಕಟ್ಟಿಸಿದೆವು. ಈಗ ಚೆನ್ನಾಗಿ ಓಡುತ್ತದೆ. ಡೀಸೆಲ್ ಪಂಪಿನ ಮೇಲೆ ಮೈಕೋ ಎಂಬ ತಗಡು ಇದೆ. ವೈರಿಂಗ್ ಮಾತ್ರ ಇಲಿ ಕಡಿದು, ಬಟ್ಟೆಯ ಹೊದಿಕೆ ಉದುರಿ ಹಾಳಾಗಿದೆ. 12 ವೋಲ್ಟ್ ಬ್ಯಾಟರಿ, ಹಳೆಯ ಡೈನಮೊ, ಮರದ ಕ್ಯಾಬಿನ್. ಡ್ಯಾಶಿನಲ್ಲಿ ಸ್ಟಾರ್ಟ್ ಮಾಡುವ ಮೊದಲು ಕೆಂಪಗೆ ಕಾಯುವ ಸಣ್ಣ ಸುರುಳಿಯೊಂದಿದೆ. ನಮ್ಮೂರಿನ ಎಲೆಕ್ಟ್ರಿಷಿಯನ್ ‘ನಾಲ್ಕು ರಿಲೇ, ಒಂದು ಫ್ಯೂಸ್ ಬಾಕ್ಸ್ ಹಾಕಿ ಮುಗಿಸೋಣ’ ಎನ್ನುತ್ತಾರೆ (ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು). ನನಗೆ ರ‍್ಯಾಲಿ ಕಾರುಗಳಲ್ಲಿ ಬಳಸುವ ಪವರ್ ಡಿಸ್ಟ್ರಿಬ್ಯೂಷನ್ ಮಾಡ್ಯೂಲ್, ಅಂದರೆ ರಿಲೇ ಫ್ಯೂಸುಗಳ ಕೆಲಸವನ್ನೆಲ್ಲ ಪ್ರೋಗ್ರಾಮಿನಂತೆ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕುವ ಆಸೆ. ಡ್ಯಾಶ್‌ಬೋರ್ಡ್ ಅಜ್ಜನ ಕಾಲದಲ್ಲಿದ್ದಂತೆಯೇ ಕಾಣಬೇಕು. ಇದು ವಿವೇಕದ ಕೆಲಸವೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದರಲ್ಲಿ ತಪ್ಪಿಲ್ಲ. ಲಾರಿ ತಿಂಗಳಿಗೊಮ್ಮೆ ಪೇಟೆಗೆ ಹೋಗಿ ಬಂದರೆ ಸಾಕು ಎನ್ನುವುದಾದರೆ ಅವರ ಮಾತು ಕೇಳಿ, ಉಳಿದ ಹಣದಲ್ಲಿ ಒಳ್ಳೆಯ ಟಯರು ಹಾಕಿಸಿ. ಆದರೆ ನಾಲ್ಕು ರಿಲೇ ನಾಲ್ಕಕ್ಕೇ ನಿಲ್ಲುವುದಿಲ್ಲ ಎಂಬುದು ನನ್ನ ಅನುಭವ. ಹೈ ಬೀಮ್, ಲೋ ಬೀಮ್, ಪಾರ್ಕಿಂಗ್, ಹಾರ್ನ್, ವೈಪರ್ ಎಂದು ಎಣಿಸುತ್ತ ಹೋದರೆ ಹತ್ತಾಗುತ್ತದೆ. ಅದರ ಜೊತೆಗೆ ಹದಿನೈದಿಪ್ಪತ್ತು ಫ್ಯೂಸು. ಅಷ್ಟನ್ನೂ ಹಳೆಯ ಡ್ಯಾಶಿನ ಹಿಂದೆ ಅಡಗಿಸುವುದು ಕಷ್ಟ. ಎರಡನೆಯದು, ನಿಮ್ಮ ಕ್ಯಾಬಿನ್ ಮರದ್ದು. ಒಣಗಿದ ಮರದ ಚೌಕಟ್ಟಿನೊಳಗೆ ವೈರು ಕಾಯುವುದನ್ನು ನಾನು ಒಮ್ಮೆ ಮೂಗಿನಿಂದಲೇ ಕಂಡುಹಿಡಿದಿದ್ದೇನೆ. ಪ್ರತಿ ದೀಪಕ್ಕೂ ಇಷ್ಟೇ ಆಂಪಿಯರ್ ಎಂದು ಮಿತಿ ಹಾಕಿ, ಮೀರಿದ ಕೂಡಲೇ ಕಡಿದುಹಾಕುವ ಪೆಟ್ಟಿಗೆ ಅಂಥ ಕ್ಯಾಬಿನ್ನಿಗೆ ಶೋಕಿಯ ವಸ್ತುವಲ್ಲ. ಹಾಗಾಗಿ ನನ್ನ ಮತ ಪೆಟ್ಟಿಗೆಯ ಕಡೆಗೇ. ಆದರೆ ಪೆಟ್ಟಿಗೆ ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ಯಾವುದನ್ನು ಅದರ ಕೈಗೆ ಕೊಡಬೇಕು, ಯಾವುದನ್ನು ಕೊಡಲೇಬಾರದು ಎಂದು ತೀರ್ಮಾನಿಸುವುದಕ್ಕೆ ತಿಂಗಳು ಹಿಡಿದರೂ ಚಿಂತೆಯಿಲ್ಲ.

ಮೊದಲು ಹಳೆಯ ಪದ್ಧತಿಯನ್ನು ನೋಡೋಣ. ಬ್ಯಾಟರಿಯಿಂದ ಹೊರಟ ಕರೆಂಟು ಡ್ಯಾಶಿನ ಆಮೀಟರಿಗೆ (ಕರೆಂಟು ಅಳೆಯುವ ಮೀಟರು) ಬರುತ್ತದೆ, ಅಲ್ಲಿಂದ ಕೀ ಸ್ವಿಚ್ಚಿಗೆ, ಅಲ್ಲಿಂದ ಲೈಟ್ ಸ್ವಿಚ್ಚಿಗೆ, ಅಲ್ಲಿಂದ ಹೈ-ಲೋ ಬೀಮ್ ಬದಲಿಸುವ ಎಡಗಾಲಿನಡಿಯ ಡಿಪ್ಪರಿಗೆ, ಆಮೇಲೆ ದೀಪಕ್ಕೆ. ಒಂದೊಂದು ಜೋಡಣೆಯೂ ಒಂದೊಂದು ಸುಂಕದ ಕಟ್ಟೆ. ಕಟ್ಟೆಗಳನ್ನೆಲ್ಲ ದಾಟಿ ದೀಪ ತಲುಪುವಾಗ 12 ವೋಲ್ಟಿನಲ್ಲಿ 10.5 ಉಳಿದಿರುವುದು ಇಂಥ ಗಾಡಿಗಳಲ್ಲಿ ಅಪರೂಪವೇನಲ್ಲ. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಲೆಕ್ಕ ಹಾಕಿದರೆ 10.5 ವೋಲ್ಟಿನಲ್ಲಿ ಬೆಳಕು 63 ಪ್ರತಿಶತಕ್ಕೆ ಇಳಿದಿರುತ್ತದೆ. ಇದನ್ನು ತಿಳಿಯದೆ 100/90 ವ್ಯಾಟಿನ ಬಲ್ಬು ಹಾಕಿಸಿಕೊಳ್ಳುವವರು ಬಹಳ ಮಂದಿ. ಆ ಬಲ್ಬು ರಸ್ತೆಗೆ ಒಪ್ಪಿತವಾದದ್ದಲ್ಲ, ಮೇಲಾಗಿ ಹೆಚ್ಚು ಕರೆಂಟು ಎಳೆದು ಅದೇ ಕಟ್ಟೆಗಳಲ್ಲಿ ಇನ್ನಷ್ಟು ಸುಂಕ ಕಟ್ಟುತ್ತದೆ. 60/55 ವ್ಯಾಟಿನ ಬಲ್ಬಿಗೆ ಪೂರ್ತಿ ವೋಲ್ಟೇಜ್ ತಲುಪಿಸಿ ನೋಡಿ, ಅದೇ ಸಾಕಾಗುತ್ತದೆ.

ಹೊಸ ಪದ್ಧತಿಯಲ್ಲಿ ಸ್ವಿಚ್ಚು ದೀಪದ ಕರೆಂಟನ್ನು ಹೊರುವುದಿಲ್ಲ, ಸುದ್ದಿ ಮಾತ್ರ ಮುಟ್ಟಿಸುತ್ತದೆ. ಪೆಟ್ಟಿಗೆ ಆ ಸುದ್ದಿ ಓದಿ, ತನ್ನೊಳಗಿನ ಟ್ರಾನ್ಸಿಸ್ಟರ್ ಮೂಲಕ ಬ್ಯಾಟರಿಯ ಕರೆಂಟನ್ನು ನೇರವಾಗಿ ದೀಪಕ್ಕೆ ಕಳಿಸುತ್ತದೆ. ಕಳಿಸುತ್ತಲೇ ಅಳೆಯುತ್ತದೆ. ಇದರ ಲಾಭ ಹೆಡ್‌ಲೈಟಿಗಿಂತ ಹಿಂದಿನ ದೀಪಗಳಲ್ಲಿ ಹೆಚ್ಚು. 21 ವ್ಯಾಟಿನ ಇಂಡಿಕೇಟರ್ ಬಲ್ಬು 1.75 ಆಂಪಿಯರ್ ಎಳೆಯಬೇಕು. ಎಳೆಯದಿದ್ದರೆ ಬಲ್ಬು ಸತ್ತಿದೆ ಎಂದು ನೀವು ಸೀಟಿನಿಂದ ಇಳಿಯದೆ ತಿಳಿಯಬಹುದು. ಇಂಡಿಕೇಟರಿನ ಮಿಣುಕನ್ನೂ ಪೆಟ್ಟಿಗೆಯೇ ಲೆಕ್ಕ ಹಾಕಿ ಕೊಡುತ್ತದೆ, ನಿಮಿಷಕ್ಕೆ 60ರಿಂದ 120ರ ಒಳಗೆ. ಹಳೆಯ ಫ್ಲ್ಯಾಷರ್ ಡಬ್ಬಿಯ ಟಿಕ್ ಟಿಕ್ ಸದ್ದು ಮಾತ್ರ ಇರುವುದಿಲ್ಲ. ಆ ಸದ್ದಿಲ್ಲದೆ ಇಂಡಿಕೇಟರ್ ಆರಿಸಲು ಮರೆಯುವವರಲ್ಲಿ ನಾನೂ ಒಬ್ಬ. ಸದ್ದಿಗೆಂದೇ ಡ್ಯಾಶಿನ ಹಿಂದೆ ಒಂದು ಪುಟ್ಟ ರಿಲೇ ಕಟ್ಟುತ್ತೇನೆ.

ಈಗ ಯಾರೂ ಮೊದಲೇ ಹೇಳದ ಒಂದು ತೊಂದರೆ. ಅಜ್ಜನ ಕಾಲದ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟುಗಳನ್ನು ಹತ್ತು ಆಂಪಿಯರ್ ಹೊರುವುದಕ್ಕೆಂದು ಮಾಡಿದ್ದರು. ಪ್ರತಿ ಸಲ ಒತ್ತಿದಾಗಲೂ ಸಣ್ಣ ಕಿಡಿ ಹಾರಿ, ಮೇಲೆ ಕಟ್ಟಿದ ಕಿಲುಬು ಸುಟ್ಟು ಹೋಗುತ್ತಿತ್ತು. ಈಗ ಅದೇ ಸ್ವಿಚ್ಚಿನಲ್ಲಿ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುವ ಕೆಲವೇ ಮಿಲಿಆಂಪಿಯರ್ ಹರಿಯುತ್ತದೆ. ಕಿಡಿ ಇಲ್ಲ, ಕಿಲುಬು ಹೋಗುವುದಿಲ್ಲ. ಮಲೆನಾಡಿನ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸ್ವಿಚ್ಚು ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ. ಎಲ್ಲರೂ ಪೆಟ್ಟಿಗೆಯನ್ನು ಬೈಯುತ್ತಾರೆ. ಪರಿಹಾರ ಕೆಲವೇ ರೂಪಾಯಿಗಳದ್ದು. ಸ್ವಿಚ್ಚು ಬ್ಯಾಟರಿಯ ಪಾಸಿಟಿವನ್ನು ಪೆಟ್ಟಿಗೆಗೆ ಕೊಡುವ ಹಾಗಿದ್ದರೆ, ಪೆಟ್ಟಿಗೆಯ ಆ ಇನ್‌ಪುಟ್ ವೈರಿನಿಂದ ಅರ್ತಿಗೆ 220 ಓಮ್, 2 ವ್ಯಾಟಿನ ಒಂದು ರೆಸಿಸ್ಟರ್ ಹಾಕಿ. ಸ್ವಿಚ್ಚು ಒತ್ತಿದಾಗ 60 ಮಿಲಿಆಂಪಿಯರಿನಷ್ಟು ಹರಿಯುತ್ತದೆ, ಕಾಂಟ್ಯಾಕ್ಟು ಶುಚಿಯಾಗಿರುತ್ತದೆ. ರೆಸಿಸ್ಟರ್ ಸ್ವಲ್ಪ ಬಿಸಿಯಾಗುವುದು ಸಹಜ, ಮರಕ್ಕೆ ತಾಗದಂತೆ ಕಟ್ಟಿ.

ಬಿಚ್ಚುವ ಮೊದಲು ಫೋಟೋ ತೆಗೆದು, ಪ್ರತಿ ವೈರಿಗೂ ಚೀಟಿ ಕಟ್ಟಿ. ಸ್ವಿಚ್ಚುಗಳ ಹಿತ್ತಾಳೆ ಟರ್ಮಿನಲ್ಲಿನ ಪಕ್ಕ ಅಂಕಿಗಳು ಕೊರೆದಿದ್ದರೆ ನಿಮ್ಮ ಅದೃಷ್ಟ, ಅವು ಜರ್ಮನರ ಡಿಐಎನ್ ಎಂಬ ಮಾನದಂಡದ ಅಂಕಿಗಳು. 30 ಎಂದರೆ ಬ್ಯಾಟರಿಯ ನೇರ ಪಾಸಿಟಿವ್, 15 ಕೀ ತಿರುಗಿಸಿದ ಮೇಲೆ ಬರುವುದು, 31 ಅರ್ತ್, 50 ಸ್ಟಾರ್ಟರ್, 54 ಬ್ರೇಕ್ ಲೈಟ್, 56ಎ ಹೈ ಬೀಮ್, 56ಬಿ ಲೋ ಬೀಮ್, 58 ಪಾರ್ಕಿಂಗ್. ಇವತ್ತಿನ ರಿಲೇಯ ಮೇಲಿರುವ 30, 85, 86, 87 ಇದೇ ವಂಶದವು. ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರ: ಜರ್ಮನ್ ಪದ್ಧತಿಯಲ್ಲಿ ಕಂದು ಬಣ್ಣದ್ದು ಅರ್ತ್, ಕಪ್ಪು ಬಣ್ಣದ್ದು ಕೀ ತಿರುಗಿಸಿದಾಗ ಕರೆಂಟು ಬರುವ ವೈರು. ಕಪ್ಪು ಅಂದರೆ ಅರ್ತ್ ಎಂದುಕೊಂಡು ಚಾಸಿಗೆ ಕಟ್ಟಿದವರ ಕಥೆ ಹೊಗೆಯಲ್ಲಿ ಮುಗಿದಿದೆ. ಅರವತ್ತು ವರ್ಷದಲ್ಲಿ ಎಷ್ಟು ಕೈ ಆಡಿವೆಯೋ. ಬಣ್ಣವನ್ನು ನಂಬಬೇಡಿ, ಮೀಟರ್ ಹಿಡಿದು ನೋಡಿ. ಹಳೆಯ ಹಾರ್ನೆಸ್ಸನ್ನು, ಅಂದರೆ ವೈರುಗಳ ಕಟ್ಟನ್ನು, ತುಂಡರಿಸದೆ ಇಡಿಯಾಗಿ ಹೊರತೆಗೆದು ಕಾಫಿ ಕಣದ ಮೇಲೆ ಹಾಸಿ. ಪ್ರತಿ ಕವಲಿನ ಉದ್ದ ತಿಳಿಯಲು ಅದಕ್ಕಿಂತ ಒಳ್ಳೆಯ ನಕ್ಷೆ ಸಿಗುವುದಿಲ್ಲ.

ಆ ಮೇಲೆ ಅರ್ತ್. ಇಂಥ ಲಾರಿಗಳು ಕಾರ್ಖಾನೆಯಿಂದ ಚಾಸಿಯಾಗಿ ಬಂದು, ಕ್ಯಾಬಿನ್ನೂ ಬಾಡಿಯೂ ಇಲ್ಲಿನ ಬಡಗಿಗಳ ಕೈಯಲ್ಲಿ ಸಿದ್ಧವಾದವು. ಕಾರಿನಲ್ಲಿ ದೀಪದ ಅರ್ತನ್ನು ಹತ್ತಿರದ ತಗಡಿಗೆ ಸ್ಕ್ರೂ ಹಾಕಿ ಮುಗಿಸಬಹುದು. ಮರದ ಕ್ಯಾಬಿನ್ನಿನಲ್ಲಿ ತಗಡು ಕಂಡರೂ ಅದು ಚಾಸಿಗೆ ಸೇರಿದ್ದಲ್ಲ, ಮೊಳೆ ಹೊಡೆದು ಮರಕ್ಕೆ ಕೂರಿಸಿದ್ದು. ಹಾಗಾಗಿ ಪ್ರತಿ ದೀಪಕ್ಕೂ ಅರ್ತಿನ ವೈರನ್ನು ಎಳೆಯಲೇಬೇಕು. ಡ್ಯಾಶಿನ ಹಿಂದೆ ಒಂದು ತಾಮ್ರದ ಪಟ್ಟಿ, ಹಿಂಭಾಗದಲ್ಲಿ ಇನ್ನೊಂದು, ಎರಡರಿಂದಲೂ ಬಣ್ಣ ಕೆರೆದ ಚಾಸಿಗೆ ದಪ್ಪ ವೈರು. ಎಂಜಿನ್ ರಬ್ಬರಿನ ಮೇಲೆ ಕೂತಿರುವುದರಿಂದ ಎಂಜಿನ್ನಿನಿಂದ ಚಾಸಿಗೆ ಜಡೆ ಹೆಣೆದ ಪಟ್ಟಿ ಬೇಕು. ಅದು ಸಡಿಲವಾದರೆ ಸ್ಟಾರ್ಟರಿನ ನೂರಾರು ಆಂಪಿಯರ್ ಆಕ್ಸಿಲರೇಟರ್ ಕೇಬಲ್ಲಿನ ದಾರಿ ಹಿಡಿದು ಅದನ್ನು ಸುಡುತ್ತದೆ. ಇನ್ನು ಅದೇ ಕರೆಂಟು ಪೆಟ್ಟಿಗೆಯ ಅರ್ತ್ ವೈರಿನ ದಾರಿ ಹಿಡಿದರೆ ನಷ್ಟ ನೀವೇ ಊಹಿಸಿ. ಹಳೆಯ ಲಾರಿಯ ‘ಎಲೆಕ್ಟ್ರಿಕಲ್ ತೊಂದರೆ’ ಎಂದು ನನ್ನ ಬಳಿ ಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅರ್ತಿನ ತೊಂದರೆಗಳೇ.

ಡೈನಮೊ ವಿಷಯದಲ್ಲಿ ಭಾವುಕರಾಗಬೇಡಿ, ತೆಗೆದು ಶೋಕೇಸಿನಲ್ಲಿಡಿ. ಐಡ್ಲಿಂಗಿನಲ್ಲಿ ಅದು ಹೆಚ್ಚೇನೂ ಕೊಡುವುದಿಲ್ಲ. ಅದನ್ನು ಬ್ಯಾಟರಿಗೆ ಸೇರಿಸಿ ಬಿಡಿಸುವ ಕಟ್‌ಔಟ್ ಕಾಂಟ್ಯಾಕ್ಟುಗಳು ತೆರೆದು ಮುಚ್ಚುವಾಗ ಏಳುವ ವೋಲ್ಟೇಜ್ ಚಿಮ್ಮುಗಳನ್ನು ಬಲ್ಬು ಸಹಿಸುತ್ತದೆ, ಟ್ರಾನ್ಸಿಸ್ಟರ್ ಸಹಿಸದು. ಒಳಗೇ ರೆಗ್ಯುಲೇಟರ್ ಇರುವ 12 ವೋಲ್ಟಿನ ಆಲ್ಟರ್ನೇಟರ್ ಹಾಕಿಸಿ. ಡ್ಯಾಶಿನ ಕೆಂಪು ಚಾರ್ಜಿಂಗ್ ದೀಪದಲ್ಲಿ ಎರಡು ಮೂರು ವ್ಯಾಟಿನ ತಂತಿ ಬಲ್ಬನ್ನೇ ಇಡಿ. ಅಂಥ ಆಲ್ಟರ್ನೇಟರಿಗೆ ಮೊದಲ ಚೇತನ ಕೊಡುವುದು ಆ ಬಲ್ಬಿನ ಮೂಲಕ ಹರಿಯುವ ಕರೆಂಟೇ. ಎಲ್‌ಇಡಿ ಹಾಕಿದರೆ ಚಾರ್ಜಾಗದೆ ತಲೆ ಕೆರೆದುಕೊಳ್ಳುತ್ತೀರಿ. ಹಳೆಯ ಆಮೀಟರಿನ ಮೂಲಕ ಹೊಸ ಆಲ್ಟರ್ನೇಟರಿನ ಕರೆಂಟನ್ನು ಹಾಯಿಸಲೇಬೇಡಿ. ಮರದ ಕ್ಯಾಬಿನ್ನಿನಲ್ಲಿ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಮುಖ ಹಾಗೇ ಉಳಿಸಿ, ಒಳಗೆ ವೋಲ್ಟ್ ಮೀಟರಿನ ಯಂತ್ರ ಕೂರಿಸಿಕೊಡುವವರು ಸಿಗುತ್ತಾರೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕ್ಲಾಂಪ್ ಕಳಚಿದರೆ ಆಲ್ಟರ್ನೇಟರ್ ಒಂದು ಕ್ಷಣ ಹತ್ತಾರು ವೋಲ್ಟ್ ಮೇಲಕ್ಕೆ ಚಿಮ್ಮಿಸುತ್ತದೆ. ಅದನ್ನು ನುಂಗಲು ಟಿವಿಎಸ್ ಎಂಬ ಡಯೋಡ್ ಇದೆ (ಮೊಪೆಡ್ಡಿಗೂ ಇದಕ್ಕೂ ಸಂಬಂಧವಿಲ್ಲ). ಒಳ್ಳೆಯ ಪೆಟ್ಟಿಗೆಗಳಲ್ಲಿ ಅದು ಒಳಗೇ ಇರುತ್ತದೆ. ಕೊಳ್ಳುವ ಮೊದಲು ಕೇಳಿ. ಇದೇ ಲೇಖನ ಓದಿ 24 ವೋಲ್ಟಿನ ಲಾರಿಗೆ ಕೈ ಹಾಕುವವರಿಗೆ ಒಂದು ಮಾತು: ರೇಸಿಂಗ್ ಪೆಟ್ಟಿಗೆಗಳು ಹೆಚ್ಚಾಗಿ 12 ವೋಲ್ಟಿಗೆ ಮಾಡಿದವು, ಕಾಗದ ಓದದೆ ಕೂರಿಸಬೇಡಿ. ಆ ಕಾಲದ ಬ್ರಿಟಿಷ್ ಗಾಡಿಯಾಗಿದ್ದರೆ ಪಾಸಿಟಿವ್ ಅರ್ತ್ ಇದೆಯೇ ಎಂದೂ ನೋಡಿಕೊಳ್ಳಿ.

ಈಗ ಪೆಟ್ಟಿಗೆಯ ಹೊರಗೆ ಉಳಿಯಬೇಕಾದವು. ಸ್ಟಾರ್ಟರಿನ ದಪ್ಪ ಕೇಬಲ್ ಬ್ಯಾಟರಿಯಿಂದ ನೇರ ಹೋಗಲಿ, ಅದನ್ನು ಕೆಲಸಕ್ಕೆ ಹಚ್ಚುವ ವಿದ್ಯುತ್ ಅಯಸ್ಕಾಂತಕ್ಕೆ, ಅಂದರೆ ಸೊಲೆನಾಯ್ಡಿಗೆ, ಒಂದು ಗಟ್ಟಿ ರಿಲೇ. ಕೆಂಪಗೆ ಕಾಯುವ ಸುರುಳಿ ಇದೆ ಎಂದಿರಲ್ಲ, ಅದರರ್ಥ ನಿಮ್ಮದು ಪ್ರಿಚೇಂಬರ್ ಎಂಜಿನ್, ಡೀಸೆಲ್ ಮೊದಲು ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಕೊಳ್ಳುವಂಥದ್ದು. ಸ್ಟಾರ್ಟಿಗೆ ಮೊದಲು ಆ ಕೋಣೆಗಳನ್ನು ಕಾಯಿಸುವ ಆರು ಗ್ಲೋ ಪ್ಲಗ್ಗುಗಳು ಒಂದರ ಹಿಂದೊಂದು ಸರಪಳಿಯಂತೆ ಸೇರಿವೆ, ಸುರುಳಿಯೂ ಅದೇ ಸರಪಳಿಯ ಒಂದು ಕೊಂಡಿ. ಅಲ್ಲಿ ಹರಿಯುವುದು 40 ಆಂಪಿಯರಿನ ಆಸುಪಾಸು. ಒಂದು ಪ್ಲಗ್ ಸುಟ್ಟರೆ ಆರೂ ಸತ್ತಂತೆ, ಸುರುಳಿಯೂ ಕಾಯುವುದಿಲ್ಲ. ಅದನ್ನು ಹಾಗೆಯೇ ಬಿಡಿ. ಆ ಸುರುಳಿ ಕೆಂಪಾಗುವುದನ್ನು ಕಾಯುತ್ತ ಬೀಡಿ ಹಚ್ಚಿದ ಚಾಲಕರ ಪೀಳಿಗೆಯೇ ಇತ್ತು. ನಿಮ್ಮ ಅಜ್ಜನ ಲಾರಿಯ ನಿಜವಾದ ಮುಖ ಅದೇ.

ಬ್ರೇಕ್ ಲೈಟನ್ನೂ ನಾನು ಹೊರಗೇ ಇಡುತ್ತೇನೆ. ಒಂದು ಫ್ಯೂಸು, ಒಂದು ರಿಲೇ, ಬ್ರೇಕ್ ಸ್ವಿಚ್ಚು, ದೀಪ. ನಡುವೆ ಪ್ರೋಗ್ರಾಮ್ ಇಲ್ಲ. ಇದಕ್ಕೆ ಒಪ್ಪದ ಸಮರ್ಥರು ಇದ್ದಾರೆ. ಅವರ ವಾದದಲ್ಲಿ ಹುರುಳಿಲ್ಲವೆಂದಲ್ಲ, ನನ್ನ ನಿದ್ದೆ ನನಗೆ ಮುಖ್ಯ.

ಹೆಡ್‌ಲೈಟಿನ ಪಾಠ ನಾನು ಚಾರ್ಮಾಡಿ ಘಾಟಿಯಲ್ಲಿ ಕಲಿತೆ. ಮೊದಲ ಬಾರಿ ಇಂಥ ಪೆಟ್ಟಿಗೆ ಕೂರಿಸಿದಾಗ ಔಟ್‌ಪುಟ್ ಉಳಿಸುವ ಜಾಣತನದಲ್ಲಿ ಎಡಬಲ ಲೋ ಬೀಮ್ ಎರಡನ್ನೂ ಒಂದಕ್ಕೇ ಸೇರಿಸಿದ್ದೆ. ರಾತ್ರಿ, ಮಂಜು, ತಿರುವು. ಬಲಗಡೆಯ ದೀಪದ ಹೋಲ್ಡರಿಗೆ ನೀರು ಇಳಿದು ಶಾರ್ಟ್ ಆಯಿತು. ಪೆಟ್ಟಿಗೆ ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿತು: ಎರಡೂ ದೀಪ ಆರಿಸಿತು. ಪಾರ್ಕಿಂಗ್ ಲೈಟಿನ ಬೆಳಕಿನಲ್ಲಿ ಪಕ್ಕಕ್ಕೆ ನಿಲ್ಲಿಸುವವರೆಗೆ ಉಸಿರು ಬಿಡಲಿಲ್ಲ. ಅಂದಿನಿಂದ ಒಂದು ದೀಪಕ್ಕೆ ಒಂದು ಔಟ್‌ಪುಟ್. ಜೊತೆಗೆ ಎಡ ಲೋ ಬೀಮಿಗೆ ಒಂದು ಕಳ್ಳದಾರಿ. ಇಲ್ಲಿ ಸೂಕ್ಷ್ಮವಿದೆ: ಪೆಟ್ಟಿಗೆಯ ಔಟ್‌ಪುಟ್ ವೈರಿಗೆ ಹೊರಗಿನಿಂದ ಇನ್ನೊಂದು ಪಾಸಿಟಿವ್ ತಂದು ಜೋಡಿಸಬಾರದು. ಪೆಟ್ಟಿಗೆ ಆಫ್ ಆಗಿರುವಾಗ ಆ ಕರೆಂಟು ಟ್ರಾನ್ಸಿಸ್ಟರಿನೊಳಗಿನ ಡಯೋಡಿನ ಮೂಲಕ ಹಿಮ್ಮುಖವಾಗಿ ಹರಿದು, ಇಡೀ ಪೆಟ್ಟಿಗೆಗೆ ಒಂದು ತೆಳು ವೈರಿನಿಂದ ಊಟ ಹಾಕಲು ಹೊರಡುತ್ತದೆ. ಐದು ಕಾಲಿನ ರಿಲೇ ಬಳಸಿ; ಅದರಲ್ಲಿ 30ನೇ ಕಾಲು ಸುಮ್ಮನಿರುವಾಗ 87ಎಗೆ, ರಿಲೇ ಎಳೆದಾಗ 87ಕ್ಕೆ ಸೇರುತ್ತದೆ. 30ಕ್ಕೆ ದೀಪ, 87ಎಗೆ ಪೆಟ್ಟಿಗೆಯ ವೈರು, 87ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ನೇರ ವೈರು. ರಿಲೇಯನ್ನು ಎಳೆಯಲು ಸೀಟಿನಡಿ ಒಂದು ಸ್ವಿಚ್ಚು. ಪೆಟ್ಟಿಗೆ ಸತ್ತರೂ ಒಂದು ಕಣ್ಣು ತೆರೆದಿರುತ್ತದೆ.

ಎಂಜಿನ್ನಿನ ಬಗ್ಗೆ ಚಿಂತೆ ಬೇಡ. ಮೆಕ್ಯಾನಿಕಲ್ ಪಂಪಿನ ಡೀಸೆಲ್ಲಿಗೆ ಓಡಲು ಕರೆಂಟೇ ಬೇಡ. ಬ್ಯಾಟರಿ ಕಿತ್ತು ಹಾಕಿದರೂ ಸ್ಟಾಪ್ ಕೇಬಲ್ ಎಳೆಯುವ ತನಕ ಓಡುತ್ತದೆ. ಪೆಟ್ರೋಲ್ ಗಾಡಿಯವರಿಗೆ ಈ ನೆಮ್ಮದಿಯಿಲ್ಲ.

ವೈಪರ್ ಮೋಟಾರಿಗೆ ಪಾರ್ಕಿಂಗ್ ಸ್ವಿಚ್ಚು ಇದ್ದರೆ ಅದೊಂದು ತಲೆನೋವು. ಸ್ವಿಚ್ಚು ಆರಿಸಿದ ಮೇಲೂ ಕಡ್ಡಿ ತನ್ನ ಜಾಗಕ್ಕೆ ಬಂದು, ಅಲ್ಲಿ ಮೋಟಾರಿನ ಎರಡು ತುದಿಗಳು ಒಂದಕ್ಕೊಂದು ಸೇರಿ ತಟ್ಟನೆ ನಿಲ್ಲಬೇಕು. ಪಾಸಿಟಿವ್ ಮಾತ್ರ ಕೊಡಬಲ್ಲ ಪೆಟ್ಟಿಗೆಗೆ ಈ ನಿಲ್ಲಿಸುವ ಕೆಲಸ ಬಾರದು. ಕಡ್ಡಿ ಜಾಗ ದಾಟಿ ಮತ್ತೊಂದು ಸುತ್ತು ಹೊರಡುತ್ತದೆ. ಇಲ್ಲೂ ಐದು ಕಾಲಿನ ರಿಲೇಯೇ ಗತಿ. ಹಾರ್ನ್ ಸುಲಭ: ಗುಂಡಿ ಅರ್ತ್ ಕೊಡುವಂಥದ್ದು, ಆ ಅರ್ತನ್ನೇ ಇನ್‌ಪುಟ್ಟಾಗಿ ಓದಿಸಿ.

ಮಿತಿಗಳನ್ನು ಹಾಕುವಾಗ ದೀಪವನ್ನಲ್ಲ, ವೈರನ್ನು ನೆನಪಿಡಿ. ಫ್ಯೂಸ್ ಇರುವುದು ವೈರು ಸುಡದಿರಲೆಂದು. 55 ವ್ಯಾಟಿನ ದೀಪ 4.6 ಆಂಪಿಯರ್ ಎಳೆಯುತ್ತದೆ, 2.5 ಚದರ ಮಿಲಿಮೀಟರಿನ ವೈರು ಹಾಕಿ, ಮಿತಿ 8 ಎಂದಿಡಿ. ಆದರೆ ತಣ್ಣಗಿರುವ ಬಲ್ಬು ಹೊತ್ತುವ ಕ್ಷಣದಲ್ಲಿ ಅದರ ಹತ್ತು ಪಟ್ಟು ಎಳೆಯುತ್ತದೆ, ಆ ಕ್ಷಣಕ್ಕೆ ಪ್ರತ್ಯೇಕ ರಿಯಾಯಿತಿ ಕೊಡಬೇಕು. ಇಲ್ಲವಾದರೆ ಒಳ್ಳೆಯ ಬಲ್ಬಿಗೂ ಪೆಟ್ಟಿಗೆ ಬಾಗಿಲು ಹಾಕುತ್ತದೆ. ಕಡಿದ ಮೇಲೆ ಮತ್ತೆ ಪ್ರಯತ್ನಿಸುವ ಸಂಖ್ಯೆ ಎರಡೋ ಮೂರೋ ಇರಲಿ; ‘ಸದಾ ಪ್ರಯತ್ನಿಸು’ ಎಂದು ಬಿಟ್ಟರೆ ಚಾಸಿಗೆ ಉಜ್ಜಿ ತೊಗಲು ಹೋದ ವೈರಿಗೆ ಪೆಟ್ಟಿಗೆ ಬಿಟ್ಟು ಬಿಟ್ಟು ಕಾವು ಕೊಡುತ್ತಲೇ ಇರುತ್ತದೆ. ಹಿಂದಿನ ದೀಪಗಳಿಗೆ 8 ಮೀಟರ್ ದೂರ, 1.5 ಚದರ ಮಿಲಿಮೀಟರ್ ಸಾಕು: 3.5 ಆಂಪಿಯರಿಗೆ ಮೂರನೇ ಒಂದು ವೋಲ್ಟ್ ಮಾತ್ರ ಇಳಿಯುತ್ತದೆ. ಅರ್ತ್ ವೈರೂ ಅದೇ ದೂರ ಹಿಂತಿರುಗುವುದಾದರೆ ಇಳಿಕೆ ಇಮ್ಮಡಿ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮನೆಗೆ ಎಳೆಯುವ ವೈರನ್ನು ಬಳಸಬೇಡಿ, ವಾಹನದ ವೈರೇ ಬೇಕು. ತುದಿಗೆ ಬೆಸುಗೆಗಿಂತ ಸರಿಯಾದ ಇಕ್ಕಳದಿಂದ ಒತ್ತಿದ ಥಿಂಬಲ್ (ವೈರಿನ ತುದಿಗೆ ಕೂರಿಸುವ ಲೋಹದ ತುಂಡು) ಮೇಲು. ಬೆಸುಗೆ ಮುಗಿಯುವ ಜಾಗದಲ್ಲಿ ವೈರು ಅದುರಿ ಅದುರಿ ತುಂಡಾಗುತ್ತದೆ. ಮೇಲೆ ಕಪ್ಪು ಬಟ್ಟೆಯ ಟೇಪು ಸುತ್ತಿದರೆ ನೋಟಕ್ಕೆ 1966 ಆಗಿಯೇ ಉಳಿಯುತ್ತದೆ.

ನೀವು ಹಳೆಯ ಸ್ವಿಚ್ಚುಗಳನ್ನೇ ಇಡುವುದರಿಂದ ಕೀಪ್ಯಾಡ್ ಬೇಡ, ಹೆಚ್ಚಾಗಿ ಪೆಟ್ಟಿಗೆಗಳು ಪರಸ್ಪರ ಸುದ್ದಿ ಕಳಿಸಿಕೊಳ್ಳುವ ಕ್ಯಾನ್ ವೈರೂ ಬೇಡ. ಮುಂದೆ ಎರಡನೇ ಪೆಟ್ಟಿಗೆ ಸೇರಿಸಿದರೆ ಒಂದಕ್ಕೊಂದು ಹೆಣೆದ ಎರಡು ವೈರು, ಎರಡೂ ತುದಿಗೆ 120 ಓಮ್. ಎಲ್ಲ ಆಫ್ ಮಾಡಿ ಮೀಟರಿನಲ್ಲಿ ನೋಡಿದರೆ 60 ತೋರಿಸಬೇಕು. ಈ ಕ್ಯಾನ್ ಪದ್ಧತಿಯನ್ನು 1986ರಲ್ಲಿ ಹೊರತಂದದ್ದು ಜರ್ಮನಿಯ ಬಾಷ್. ನಿಮ್ಮ ಪಂಪಿನ ಮೇಲಿನ ಮೈಕೋ 1951ರಲ್ಲಿ ಶುರುವಾದ ಅದೇ ಮನೆತನದ ಬೆಂಗಳೂರಿನ ಕುಡಿ. ಫೋನಿನಲ್ಲಿ ಆಂಪಿಯರ್ ನೋಡುವುದು ಸರಿ; ಫೋನಿನಿಂದ ದೀಪ ಹಚ್ಚುವ ವ್ಯವಸ್ಥೆಯನ್ನು ಲಾರಿಯಲ್ಲಿ ನಾನು ಒಪ್ಪುವುದಿಲ್ಲ.

ಪೆಟ್ಟಿಗೆಯನ್ನು ಎಂಜಿನ್ ಕಡೆ ಇಡದೆ ಕ್ಯಾಬಿನ್ನಿನಲ್ಲಿ, ಕ್ಲೀನರ್ ಕೂರುವ ಬದಿಯ ಡ್ಯಾಶಿನಡಿ ಇಡಿ. ಕನೆಕ್ಟರ್ ಕೆಳಮುಖವಾಗಿರಲಿ, ವೈರು ಇಳಿದು ಮತ್ತೆ ಏರಿ ಒಳಹೊಗಲಿ, ಆಗ ಸೋರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಕೆಲವು ಪೆಟ್ಟಿಗೆಗಳು ಮಲಗಿದಾಗಲೂ 20 ಮಿಲಿಆಂಪಿಯರ್ ಕುಡಿಯುತ್ತವೆ, ತಿಂಗಳಿಗೆ 14 ಆಂಪಿಯರ್-ಅವರ್ ಆಯಿತು. ತೋಟದಲ್ಲಿ ನಿಲ್ಲುವ ಲಾರಿಗೆ ಬ್ಯಾಟರಿಯ ಪಕ್ಕ ಮೇನ್ ಸ್ವಿಚ್ಚು ಕಡ್ಡಾಯ, ಎಂಜಿನ್ ನಿಲ್ಲಿಸಿದ ಮೇಲೆ ಮಾತ್ರ ಅದನ್ನು ಆರಿಸಿ. ಇಲಿಗೆ ನನ್ನ ಬಳಿ ಔಷಧಿಯಿಲ್ಲ. ವೈರನ್ನು ಗಟ್ಟಿ ಕೊಳವೆಯೊಳಗೆ ಹಾಯಿಸಿ, ಲಾರಿಯನ್ನು ಆಗಾಗ ಓಡಿಸಿ.

ನಿಮ್ಮೂರಿನ ಎಲೆಕ್ಟ್ರಿಷಿಯನ್ನರನ್ನು ಬಿಡಬೇಡಿ. ಅರ್ತ್, ಥಿಂಬಲ್, ಚಾಸಿಯ ಉದ್ದಕ್ಕೂ ವೈರು ಎಳೆಯುವ ಹದ ಅವರಿಗೆ ಗೊತ್ತು. ಲ್ಯಾಪ್‌ಟಾಪ್ ಕೆಲಸ ನೀವು ಮಾಡಿ. ಯಾವ ಔಟ್‌ಪುಟ್ಟಿಗೆ ಯಾವ ದೀಪ, ಎಷ್ಟು ಆಂಪಿಯರ್, ಯಾವ ಬಣ್ಣದ ವೈರು ಎಂಬ ಪಟ್ಟಿಯನ್ನು ಕನ್ನಡದಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಬಾಗಿಲಿನ ಒಳಮೈಗೆ ಅಂಟಿಸಿ. ಪ್ರೋಗ್ರಾಮಿನ ಒಂದು ನಕಲನ್ನು ಪೆನ್‌ಡ್ರೈವಿಗೆ ಹಾಕಿ ಆರ್‌ಸಿ ಜೊತೆಗಿಡಿ.

ಎಲ್ಲ ಮುಗಿದ ಮೇಲೆ ಕತ್ತಲಾಗುವವರೆಗೆ ಕಾದು ಲಾರಿಯನ್ನು ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ದೀಪಗಳನ್ನೆಲ್ಲ ಆರಿಸಿ ಪೆಟ್ಟಿಗೆಯ ಮುಖ್ಯ ಫ್ಯೂಸನ್ನು ಕಿತ್ತುಬಿಡಿ. ಎಂಜಿನ್ ಓಡುತ್ತಲೇ ಇರಬೇಕು. ಬ್ರೇಕ್ ತುಳಿದರೆ ಹಿಂದೆ ಕೆಂಪು ಬೆಳಗಬೇಕು. ಸೀಟಿನಡಿಯ ಸ್ವಿಚ್ಚು ಹಾಕಿದರೆ ಎಡ ದೀಪ ಹೊತ್ತಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಲಾರಿ ಗೇಟು ದಾಟುವುದು ಬೇಡ.